ಮೂರನೆಯ ಚಿಮಣಿಯ ಸೂರ್ಯ

ನಮ್ಮ ಊರಿನಲ್ಲಿ ಸೂರ್ಯನನ್ನು ಹಚ್ಚುತ್ತಿದ್ದವನು ನಾನೇ. ಹತ್ತೊಂಬತ್ತು ವರ್ಷ, ದಿನವೂ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಹಚ್ಚಿದ್ದೇನೆ. ನೆಗಡಿ, ಜ್ವರ, ಕಾಲು ಉಳುಕು ಯಾವುದನ್ನೂ ನೆಪ ಮಾಡಿದವನಲ್ಲ. ಕಾರ್ಖಾನೆಯ ದಾಖಲೆಯಲ್ಲಿ ನನ್ನ ಹುದ್ದೆಯ ಹೆಸರು ಉದಯ ಮೇಲ್ವಿಚಾರಕ. ಕತ್ತಲಿರುವಾಗಲೇ ಎದ್ದು ತಣ್ಣೀರು ಸುರಿದುಕೊಂಡು, ಮಡಿ ಪಂಚೆ ಉಟ್ಟು, ಮೂರನೆಯ ಚಿಮಣಿಯ ಬುಡದಲ್ಲಿ ಚಪ್ಪಲಿ ಬಿಟ್ಟು, ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ಸ್ವಿಚ್ಚಿಗೆ ಕುಂಕುಮ ಇಟ್ಟು, ಕಣ್ಣು ಮುಚ್ಚಿ, 'ಲೋಕಕ್ಕೆಲ್ಲ ಕಣ್ಣಾದವನೇ, ಬಾರಪ್ಪ' ಎಂದು ಮನಸ್ಸಿನಲ್ಲೇ ಕರೆದು ಒತ್ತುತ್ತಿದ್ದೆ. ಅವನು ಬರುತ್ತಿದ್ದ. ಕರೆದ ತಕ್ಷಣ ಹೀಗೆ ಓಗೊಡುವ ದೇವರು ಬೇರೆ ಊರಿನವರಿಗೆ ಸಿಕ್ಕಿರಲಾರ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹಳೆಯ ಸೂರ್ಯ ಯಾವ ವರ್ಷ ಕಾಣಿಸದಾದ ಎನ್ನುವುದರ ಬಗ್ಗೆ ಊರಿನಲ್ಲಿ ಒಮ್ಮತವಿಲ್ಲ. ನಾಲ್ಕನೆಯ ಚಿಮಣಿ ಎದ್ದ ಮೇಲೆ ಎಂದು ಕೆಲವರು, ಆರನೆಯದರ ಮೇಲೆ ಎಂದು ಕೆಲವರು. ಜನ ಒಂದೆರಡು ವರ್ಷ ಗೊಣಗಿದರು. ಆಮೇಲೆ ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ಗಾಡಿಚಕ್ರದಷ್ಟಗಲದ ದೀಪವೊಂದನ್ನು ಮೂರನೆಯ ಚಿಮಣಿಗೆ ಕಟ್ಟಿಸಿಕೊಟ್ಟರು. ಗೊಣಗಾಟ ನಿಂತಿತು. ಬದುಕು ಹೊಂದಿಕೊಂಡಿತು. ಬಲ್ಬು ಬದಲಿಸುವ ದಿನವನ್ನು ಗ್ರಹಣವೆಂದು ಕರೆದು ಹೆಂಗಸರು ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿದರು. ತುಳಸಿಯ ಎಲೆಗಳನ್ನು ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸುವುದು ಪೂಜೆಯ ಒಂದು ಭಾಗವಾಯಿತು. ಕೊಕ್ಕರೆಗಳು ಕಾಗೆಯ ಬಣ್ಣಕ್ಕೆ ಬಂದವು; ಕಾಗೆಗಳಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. ಇಬ್ಬರು ಎದುರಾದರೆ ಮೊದಲು ಕೆಮ್ಮಿ, ಆಮೇಲೆ ಮಾತಾಡುವುದು ಮರ್ಯಾದೆ ಎನಿಸಿತು. ಕಾರ್ಖಾನೆ ಇದ್ದದ್ದು ಊರಿನ ಪಡುವಣಕ್ಕೆ. ಸೂರ್ಯ ಅಲ್ಲಿಂದ ಹುಟ್ಟತೊಡಗಿದ ಮೇಲೆ ಅದನ್ನೇ ಮೂಡಲೆಂದು ಒಪ್ಪಿಕೊಂಡು ಎಲ್ಲರೂ ದೇವರ ಗೂಡನ್ನು ಆ ಕಡೆಗೆ ತಿರುಗಿಸಿಕೊಂಡೆವು.

ಮೊದಮೊದಲು ದೀಪ ಹಚ್ಚಲು ಬಾಯಲ್ಲಿ ಬೀಡಿ ಕಚ್ಚಿಕೊಂಡ ಎಲೆಕ್ಟ್ರಿಷಿಯನ್ ಒಬ್ಬ ಹತ್ತುತ್ತಿದ್ದ. ಇದೆಂಥ ಉದಯ ಎಂದು ಹಿರಿಯರು ಮುಖ ಸಿಂಡರಿಸಿದರು. ಆಗ ಮ್ಯಾನೇಜರು ಚಂದ್ರಕೀರ್ತಿಯವರು ಬಹಳ ಯೋಚನೆ ಮಾಡಿ ನಿಯಮಗಳನ್ನು ಅಚ್ಚು ಹಾಕಿಸಿ ಗೇಟಿಗೆ ಅಂಟಿಸಿದರು. ಸೂರ್ಯನನ್ನು ಹಚ್ಚುವವನು ಹನ್ನೊಂದು ದಿನ ಒಪ್ಪೊತ್ತು ಊಟ ಮಾಡಿ ದೀಕ್ಷೆ ಪಡೆದಿರಬೇಕು. ಸೂತಕ, ಪುರುಡು ಇದ್ದವರು ಸ್ವಿಚ್ಚು ಮುಟ್ಟತಕ್ಕದ್ದಲ್ಲ. ಮಡಿಯಿಲ್ಲದೆ ಹಚ್ಚಿದ್ದನ್ನು ಉದಯವೆಂದು ಎಣಿಸತಕ್ಕದ್ದಲ್ಲ. ಹಿರಿಯರಿಗೆ ಬಹಳ ಸಂತೋಷವಾಯಿತು. ಕೂಲಿಯವರು ತಮ್ಮದೂ ಒಂದಿರಲಿ ಎಂದು ಇನ್ನೊಂದು ಸಾಲು ಬರೆಸಿದರು: ರಾತ್ರಿ ಪಾಳಿ ಆರು ಗಂಟೆಯ ಸಿಳ್ಳೆಗೆ ಹೊರಗೆ ಬರತಕ್ಕದ್ದು, ಉದಯವಾಗದೆ ಮುಂದಿನ ಯಾವ ಪಾಳಿಯೂ ಒಳಗೆ ಕಾಲಿಡತಕ್ಕದ್ದಲ್ಲ. ಹಿಂದೆ ಒಬ್ಬ ಸಾಹೇಬರು ನಾಲ್ಕು ಗಂಟೆಯನ್ನೇ ಬೆಳಗು ಎಂದು ಸಾಧಿಸಿ ಕೆಲಸ ಮಾಡಿಸಿದ್ದರಂತೆ, ಆ ಭಯಕ್ಕೆ. ಎಲ್ಲರೂ ಸಹಿ ಹಾಕಿದರು. ನನ್ನನ್ನು ನೇಮಿಸಿದರು. ಇಂಥ ಹೊತ್ತಿಗೆ ಏಳುವವನಿಗೆ ಯಾರೂ ಹೆಣ್ಣು ಕೊಡಲಿಲ್ಲ, ಅದೊಂದು ಬಿಟ್ಟರೆ ಕೊರತೆಯಿಲ್ಲದ ಕೆಲಸ.

ಹೀಗಿರುವಾಗ ನನ್ನ ಅಕ್ಕ ಶಾಂಭವಿ ಬಂದಳು. ಅವಳಿಗೆ ಎಪ್ಪತ್ತೆರಡು. ತನ್ನ ಹಳ್ಳಿಯ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಆಂಬುಲೆನ್ಸಿನಲ್ಲಿ ನನ್ನ ಮನೆಗೆ ತಂದು ಇಳಿಸಿದ ಡಾಕ್ಟರು, ಇನ್ನು ನಲವತ್ತು ದಿನ ಮಂಚ ಬಿಟ್ಟು ಅಲುಗಾಡಿಸಬೇಡಿ, ಮತ್ತೆ ಗಾಡಿ ಹತ್ತಿಸುವ ಮಾತಂತೂ ಬೇಡ ಎಂದು ಹೇಳಿ ಹೋದರು. ಅವಳ ಮಂಚವನ್ನು ಮುಂದಿನ ಕೋಣೆಯಲ್ಲಿ, ಕಿಟಕಿಯಿಂದ ಮೂರನೆಯ ಚಿಮಣಿ ನೇರವಾಗಿ ಕಾಣುವಂತೆ ಹಾಕಿದೆ. ಅವಳು ಮಲಗಿದ್ದಲ್ಲಿಂದಲೇ ಕೈಯೆತ್ತಿ ತನ್ನ ತಲೆಯ ಹಿಂದಿನ ಅಡುಗೆಮನೆ ತೋರಿಸಿದಳು. ಅಲ್ಲೊಂದು ಕಿಟಕಿಯಿತ್ತು, ಮಸಿ ಒಳಗೆ ಬಾರದಿರಲೆಂದು ಹಳೆ ಬಟ್ಟೆ ತುರುಕಿದ್ದೆ.

"ಮೂಡಲು ಆ ಕಡೆ ಅಲ್ವೇನೋ ನಾಗೂ?"

"ಈ ಊರಲ್ಲಿ ಮೂಡಲು ಈ ಕಡೆ ಅಕ್ಕಾ."

"ಯಾರು ತಿರುಗಿಸಿದ್ರು?"

"ಕಾರ್ಖಾನೆಯೋರು."

"ಓಹೋ," ಎಂದಳು. "ಶಕ್ತಿವಂತ್ರು."

ಮಾರನೆಯ ದಿನ ಸೂರ್ಯನನ್ನು ಹಚ್ಚಿ, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಮನೆಗೆ ಓಡಿಬಂದೆ. ತಮ್ಮನ ಕೆಲಸವನ್ನು ಅಕ್ಕ ನೋಡಲಿ ಎಂಬ ಆಸೆ ನನಗೂ ಇರುವುದಿಲ್ಲವೆ? ಕಿಟಕಿಯ ಪರದೆ ಸರಿಸಿ, "ದರ್ಶನ ಮಾಡಕ್ಕ," ಎಂದೆ. ಅವಳು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು.

"ಯಾರು ಹೋದ್ರೋ?" ಎಂದು ಕೇಳಿದಳು.

"ಯಾರೂ ಹೋಗಿಲ್ವಲ್ಲ."

"ಮತ್ತೆ ತಲೆದೆಸೇಲಿ ದೀಪ ಹಚ್ಚಿಟ್ಟಿದ್ದೀರಿ."

ಉಪ್ಪಿಟ್ಟು ಆರುತ್ತಿತ್ತು. ಅವಳು ತಟ್ಟೆಯನ್ನು ಬೆರಳ ತುದಿಯಿಂದ ದೂರ ತಳ್ಳಿದಳು. ಆಗ ನನಗೆ ನೆನಪಾಯಿತು. ಅಕ್ಕ ಸೂರ್ಯನನ್ನು ನೋಡದೆ ಉಣ್ಣುವವಳಲ್ಲ. ಎಂಟನೆಯ ವಯಸ್ಸಿನಲ್ಲಿ ಅಮ್ಮ ಹಿಡಿಸಿದ ವ್ರತ ಅದು. 'ಭತ್ತಾನ ಮೊದಲು ಬೇಯಿಸೋನು ಅವನು ಕಣೇ, ನಾವು ಬೇಯಿಸೋದು ಎರಡನೇ ಸಲ. ಅಡುಗೆ ಮಾಡ್ದೋನ ಮುಖ ನೋಡಿ ಉಣ್ಣಬೇಕು' ಎನ್ನುತ್ತಿದ್ದಳು ಅಮ್ಮ. ಮಳೆಗಾಲದಲ್ಲಿ ಅಕ್ಕ ಎರಡು ಮೂರು ದಿನ ಬರಿಯ ನೀರಿನ ಮೇಲೆ ಇರುತ್ತಿದ್ದುದನ್ನು ನಾನು ಕಂಡಿದ್ದೇನೆ. ಆದರೆ ಮೋಡ ಕರಗುತ್ತದೆ. ನಮ್ಮ ಊರಿನದು ಮೋಡವಲ್ಲ.

"ಇದೂ ಸೂರ್ಯನೇ ಅಕ್ಕಾ. ಊರಿಗೆ ಊರೇ ನಮಸ್ಕಾರ ಮಾಡುತ್ತೆ. ನಾನೇ ಮಡಿಯಲ್ಲಿ ಹಚ್ಚಿದ್ದೀನಿ."

"ಗುಂಯ್ ಅಂತಾನಲ್ಲೋ. ಸೂರ್ಯ ಗುಂಯ್ ಅಂತಾನಾ?"

ಎರಡನೆಯ ದಿನವೂ ಉಣ್ಣಲಿಲ್ಲ. ತುಳಸಿ ಹಾಕಿದ ನೀರನ್ನಷ್ಟೇ ಕುಡಿದಳು. ಪಕ್ಕದ ಮನೆಯ ಬೋರಲಿಂಗಯ್ಯ ಬಂದು ಕೂತ. ಕುಲುಮೆಗೆ ಕಲ್ಲಿದ್ದಲು ಸುರಿಯುವ ಕೆಲಸ ಅವನದು, ಒಳ್ಳೆಯ ಮನುಷ್ಯ. "ಹಟ ಮಾಡ್ಬ್ಯಾಡಿ ಅವ್ವಾ, ನಾವೆಲ್ಲ ತಿಂತಿಲ್ವಾ?" ಎಂದ. ಅಕ್ಕ, "ನೀವು ತಿನ್ನಿ ಮಗಾ, ನಂದೇನು ತಕರಾರು," ಎಂದಳು. ಅವನ ಸೊಸೆ ಚಿಕ್ಕತಾಯಿ ತುಂಬಿದ ಬಸುರಿ. ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು. ಆ ಮಧ್ಯಾಹ್ನ ಅವಳು ಮೊದಲ ತುತ್ತು ಬಾಯಿಗಿಡುವ ಮುಂಚೆ ಒಮ್ಮೆ ತಲೆಯೆತ್ತಿ ಮೇಲೆ ನೋಡಿದಳಂತೆ. ಮರುದಿನ ಬೀದಿಯ ಇನ್ನಿಬ್ಬರು ನೋಡಿದರಂತೆ. ಊಟದ ಹೊತ್ತಿಗೆ ಜನ ತಲೆಯೆತ್ತತೊಡಗಿದರೆ ಕಾರ್ಖಾನೆಯವರಿಗೆ ತಿಳಿಯದೆ ಇರುತ್ತದೆಯೆ?

ಮೂರನೆಯ ದಿನ ಚಂದ್ರಕೀರ್ತಿಯವರೇ ನಮ್ಮ ಮನೆಗೆ ಬಂದರು. ಉಪವಾಸವಿದ್ದವಳಿಗೆಂದು ಒಂದು ದೊಡ್ಡ ಬುಟ್ಟಿ ಹಣ್ಣು ತಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಬಹಳ ವಿನಯದಿಂದ, "ಅಮ್ಮಾ, ನಮ್ಮ ಸೂರ್ಯನಲ್ಲಿ ಏನು ಕೊರತೆ ಕಂಡಿರಿ? ಹೇಳಿದರೆ ಸರಿಪಡಿಸೋಣ," ಎಂದರು.

ಅಕ್ಕ ಹುಡುಗನಿಗೆ ಹೇಳುವಂತೆ ಹೇಳಿದಳು, "ಸದ್ದು ಮಾಡ್ತಾನಪ್ಪ."

ಒಂದೇ ದಿನದಲ್ಲಿ ದೀಪದ ಸುತ್ತ ಮೆತ್ತೆ ಸುತ್ತಿಸಿ ಸದ್ದು ನಿಲ್ಲಿಸಿದರು. ಅವಳು ಕಿಟಕಿಯ ಹೊರಗೆ ಕೈಚಾಚಿ, "ಬಿಸಿಯಿಲ್ಲ," ಎಂದಳು. ನಮ್ಮ ಬೀದಿಯ ಕಂಬಗಳಿಗೆಲ್ಲ ಕೆಂಪಗೆ ಕಾಯುವ ಹೀಟರುಗಳು ಬಂದವು. ಐದನೆಯ ದಿನ, "ಬೆಳಿಗ್ಗೆ ಎಲ್ಲಿದ್ನೋ ಸಂಜೆಗೂ ಅಲ್ಲೇ ಇರ್ತಾನೆ. ಕಾಲು ನೋವೇನೋ ಪಾಪ," ಎಂದಳು. ಮೊದಲನೆಯ ಚಿಮಣಿಯಿಂದ ಆರನೆಯದಕ್ಕೆ ತಂತಿ ಎಳೆದರು. ಮರುದಿನ ನಾಲ್ಕು ಜನ ಹಗ್ಗ ಹಿಡಿದು ಸೂರ್ಯನನ್ನು ದಿನವಿಡೀ ನಿಧಾನವಾಗಿ ಸಾಗಿಸತೊಡಗಿದರು. ಊರಿಗೆ ಹಬ್ಬವಾಯಿತು. ನಿಮ್ಮ ದಯೆಯಿಂದ ನಮಗೆ ನಡೆಯುವ ಸೂರ್ಯ ಬಂದ ತಾಯಿ, ಎಂದು ಹೆಂಗಸರು ಬಂದು ಅಕ್ಕನಿಗೆ ಆರತಿ ಎತ್ತಿದರು. ಆರತಿಯ ಬೆಳಕಿನಲ್ಲಿ ಅವಳ ಕೆನ್ನೆಯ ಮೂಳೆ ಎದ್ದು ಕಂಡಿತು.

ಆ ಸಂಜೆ ಚಂದ್ರಕೀರ್ತಿಯವರು ಅಭಿಪ್ರಾಯ ಕೇಳಲು ಮತ್ತೆ ಬಂದಾಗ ಬಾಗಿಲ ಬಳಿಯಿಂದ ಚಿಕ್ಕತಾಯಿಯೇ ಬಾಯಿ ಬಿಟ್ಟಳು. "ಇಷ್ಟೆಲ್ಲ ತಾಪತ್ರಯ ಯಾಕೆ ಬುದ್ಧೀ? ಹೊಗೇನೇ ಒಂದಿನ ನಿಲ್ಸೋಕಾಗಲ್ವಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ ಎಂದು ಹೇಳಲು ನಾಚಿಕೆಯಾಗುತ್ತದೆ. ಚಂದ್ರಕೀರ್ತಿಯವರು ಮಾತ್ರ ನಗದೆ, ಅವಳಿಗೆ ಬೇಸರವಾಗಬಾರದೆಂದು ಮೆಲ್ಲಗೆ ವಿವರಿಸಿದರು. "ಹೊಗೆ ನಿಂತರೆ ಸೂರ್ಯನಿಗೆ ಕರೆಂಟು ಎಲ್ಲಿಂದ ಬರಬೇಕು ತಾಯಿ?"

ಎಲ್ಲರೂ ಹೌದೆಂದು ತಲೆದೂಗಿ ಹೋದರು. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಅವಳ ತುಟಿಗೆ ಚಮಚದಲ್ಲಿ ನೀರು ಬಿಡುತ್ತಿದ್ದೆ.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಸುಮ್ನೆ ಒಂದ್ಸಲ ನೋಡ್ದೆ ಅಂದ್ಕೊಂಡು ಎರಡು ತುತ್ತು ತಿನ್ನು. ಹೋಗಿಬಿಡ್ತೀಯ."

"ಹೋದ್ರೆ ನಿಂಗೇನು ತೊಂದ್ರೆಯೋ? ಅಮ್ಮ ಹೋದಾಗ್ಲೇ ಬಂದೋನಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹತ್ತು ದಿನ ಬಾಗಿಲು ನೋಡ್ದೆ. ಯಾವ ಬಸ್ಸು ನಿಂತ್ರೂ ನೀನೇ ಅಂದ್ಕೊಂಡೆ."

"ಸೂರ್ಯ ಹುಟ್ಟಬೇಕಿತ್ತಕ್ಕ. ನಾನಿಲ್ದಿದ್ರೆ ಊರಿಗೆ ಬೆಳಗಾಗ್ತಿರ್ಲಿಲ್ಲ. ಸೂತಕ ಅಂದ್ರೆ ಹತ್ತು ದಿನ ಎಲ್ಲ ನಿಂತುಹೋಗತ್ತೆ, ಯಾರಿಗೂ ಹೇಳ್ಬೇಡಿ ಅಂದ್ರು ಸಾಹೇಬ್ರು. ಸಾವಿನ ಕಾಗದ ಮಡಿಸಿ ಜೇಬಲ್ಲಿಟ್ಕೊಂಡೇ ಹತ್ತಿದೆ."

"ಸ್ನಾನವಾದ್ರೂ ಮಾಡಿದ್ಯಾ?"

"ದಿನಾ ಮಾಡೋ ಸ್ನಾನ ಮಾಡ್ದೆ."

"ಅದು ಇದಕ್ಕಾಗಲ್ಲ." ಸ್ವಲ್ಪ ಹೊತ್ತು ಉಸಿರಾಡಿಕೊಂಡಳು. "ಹೆತ್ತವಳ ಸೂತಕ ವರ್ಷ ಕಳೀತು ಅಂತ ಕಳಿಯೋದಲ್ಲ ನಾಗೂ. ಮಗ ಹಿಡಿಯೋ ತನಕ ಕಾಯ್ತಾ ಇರತ್ತೆ. ಹಿಡಿದ ದಿನದಿಂದ ಹತ್ತು ದಿನ. ನಾನು ಕಣ್ಮುಚ್ಚೋ ಮೊದ್ಲು ಅದೊಂದು ಮಾಡಿಬಿಡು. ಅವಳ ಋಣ ಅದು."

ಇಷ್ಟು ಹೇಳಿ ನಿದ್ದೆಹೋದಳು. ಅವಳ ಮನಸ್ಸಿನಲ್ಲಿ ಬೇರೆ ಯಾವ ಉಪಾಯವೂ ಇರಲಿಲ್ಲ, ದೇವರಾಣೆ. ನಾನೇ ಅವಳ ಕಾಲ ಬಳಿ ಕೂತು ಅಮ್ಮನನ್ನು ನೆನೆದೆ. ಎಂಟು ವರ್ಷದಲ್ಲಿ ಮೊದಲ ಸಲ ಪೂರ್ತಿಯಾಗಿ ನೆನೆದೆ. ಗೇಟಿಗೆ ಅಂಟಿಸಿದ ನಿಯಮಗಳ ಕಾಗದವೂ ಅವಳ ಹಿಂದೆಯೇ ನೆನಪಿಗೆ ಬಂತು.

ಏಳನೆಯ ದಿನ ಬೆಳಿಗ್ಗೆ ಮೂರನೆಯ ಚಿಮಣಿಯ ಬುಡಕ್ಕೆ ಹೋಗಿ, ಚಪ್ಪಲಿ ಬಿಡದೆ ನಿಂತೆ. ಆರರ ಸಿಳ್ಳೆಯಾಯಿತು. ರಾತ್ರಿ ಪಾಳಿಯವರು ಹೊರಗೆ ಬಂದರು. ಹಗಲು ಪಾಳಿಯವರು ಗೇಟಿನಲ್ಲಿ ಬುತ್ತಿ ಹಿಡಿದು ಕಾಯುತ್ತಿದ್ದರು. ಆರು ಹತ್ತಾಯಿತು. ಆರು ಇಪ್ಪತ್ತಾಯಿತು. ಚಂದ್ರಕೀರ್ತಿಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದರು.

"ಏನಾಯಿತು ನಾಗಪ್ಪಯ್ಯನವರೇ?"

"ನಮ್ಮ ತಾಯಿ ತೀರಿಕೊಂಡ್ರು ಸ್ವಾಮಿ. ನನಗೆ ಸೂತಕ."

"ಅಯ್ಯೋ, ಯಾವಾಗ?"

"ಎಂಟು ವರ್ಷ ಆಯ್ತು."

ಅವರು ನನ್ನ ಮುಖ ನೋಡಿದರು. "ಅದು ಮುಗಿದ ಕಥೆಯಲ್ಲವೆ?"

"ಹಿಡಿದಿರ್ಲಿಲ್ಲ ಸ್ವಾಮಿ. ಹಿಡೀಬೇಡ ಅಂದೋರು ತಾವೇ. ಹೆತ್ತವಳ ಸೂತಕಕ್ಕೆ ವರ್ಷದ ಅಡ್ಡಿಯಿಲ್ಲ. ಹಿಡಿದ ದಿನದಿಂದ ಹತ್ತು ದಿನ. ಇವತ್ತು ಹಿಡಿದಿದ್ದೀನಿ."

ಗೇಟಿನಲ್ಲಿ ಪಿಸುಮಾತು ಹರಡಿತು. ವಯಸ್ಸಾದ ಕೂಲಿಯೊಬ್ಬ ತಲೆಯ ವಸ್ತ್ರ ತೆಗೆದು, "ತಾಯಿ ವಿಚಾರ, ಹೌದು ಹೌದು," ಎಂದ. ಚಂದ್ರಕೀರ್ತಿಯವರು ಶಾಸ್ತ್ರಕ್ಕೆ ಹೋಗಲಿಲ್ಲ; ತಾವೇ ಕೋಟು ತೆಗೆದುಹಾಕಿ ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ ಸ್ವಿಚ್ಚು ಒತ್ತಿದರು. ದೀಪ ಹೊತ್ತಿತು. ಏದುಸಿರು ಬಿಡುತ್ತ ಇಳಿದು ಬಂದರೆ ಹಗಲು ಪಾಳಿಯವರು ಗೇಟಿನ ಹೊರಗೆ ಕಂಬಳಿ ಹಾಸಿ ಕೂತಿದ್ದರು.

"ಉದಯವಾಯಿತಲ್ಲ, ನಡೆಯಿರಿ ಒಳಗೆ," ಎಂದರು.

ಬೋರಲಿಂಗಯ್ಯ ಗೇಟಿನ ಕಾಗದಕ್ಕೆ ಕೈ ತೋರಿಸಿ ಅತ್ಯಂತ ಭಕ್ತಿಯಿಂದ ಹೇಳಿದ, "ಮಡಿ ಇಲ್ದೆ ಹಚ್ಚಿದ್ದು ಉದಯ ಅಲ್ಲ ಬುದ್ಧೀ. ಬರೀ ದೀಪ."

ಹೊಸಬನಿಗೆ ದೀಕ್ಷೆ ಕೊಡಲು ಹನ್ನೊಂದು ದಿನ ಬೇಕು. ಚಂದ್ರಕೀರ್ತಿಯವರು ಆ ಕ್ಷಣವೇ ನನ್ನನ್ನು ಕೆಲಸದಿಂದ ತೆಗೆದು, ಬೋರಲಿಂಗಯ್ಯನನ್ನೇ ಹೊಸ ಉದಯ ಮೇಲ್ವಿಚಾರಕನೆಂದು ಹೆಸರಿಸಿದರು. ಅವನಿಗೆ ಕುಲುಮೆಯ ಕಾವಿನಿಂದ ಬಿಡುಗಡೆ ಬೇಕಿತ್ತು, ಒಪ್ಪಿಕೊಂಡ. ನಾನು ಅವನನ್ನು ದೂರುವುದಿಲ್ಲ. ಅಂದಿನಿಂದಲೇ ಅವನು ಒಪ್ಪೊತ್ತು ಉಣ್ಣತೊಡಗಿದ. ನಾನು ತಲೆ ಬೋಳಿಸಿಕೊಂಡು, ಬಾವಿಯ ನೀರಿನಲ್ಲಿ ಮುಳುಗೆದ್ದು, ಅಕ್ಕನ ಮಂಚದ ಬಳಿ ಚಾಪೆಯ ಮೇಲೆ ಕೂತೆ. ಅವಳು ನನ್ನ ಬೋಳುತಲೆಯ ಮೇಲೆ ಕೈಯಿಟ್ಟು, "ಅಮ್ಮನ ಹಣೆ ನಿಂದು," ಎಂದಳು. ಅವಳ ಕೈಯಲ್ಲಿ ತೂಕವೇ ಇರಲಿಲ್ಲ.

ಸೂತಕದ ಮೊದಲ ದಿನ ಎರಡು ಚಿಮಣಿಗಳ ಉಸಿರು ನಿಂತಿತು. ಎರಡನೆಯ ದಿನ ಸಂಜೆಗೆ ಆರೂ ನಿಂತವು, ದೀಪವೂ ಆರಿತು. ಕೆರೆಯ ಆಚೆ ಒಂದು ಬೆಟ್ಟ ಕಾಣಿಸಿಕೊಂಡಿತು. ಅದು ಯಾರದು, ಯಾವಾಗ ತಂದಿಟ್ಟರು ಎಂದು ಮಕ್ಕಳು ಕೇಳಿದವು. ಅಕ್ಕನಿಗೆ ಆಗ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ನೀರು ತುಟಿಯಂಚಿನಿಂದ ಹೊರಗೆ ಹರಿಯುತ್ತಿತ್ತು. ಡಾಕ್ಟರು ಬಂದು ನಾಡಿ ಹಿಡಿದು, ಇನ್ನೊಂದು ದಿನ ಎಂಬಂತೆ ನನ್ನ ಕಡೆ ನೋಡಿ ಹೋದರು. ಒಬ್ಬಳ ಸೂತಕ ಮುಗಿಯುವ ಮುಂಚೆ ಇನ್ನೊಬ್ಬಳದು ಹಿಡಿಯಬೇಕಾಗುತ್ತದೋ ಏನೋ ಎಂದು ನಾನು ನಿದ್ದೆಯಿಲ್ಲದೆ ಕೂತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಊರಿನ ಜನ ಅಭ್ಯಾಸಬಲದಿಂದ ಮೈದಾನದಲ್ಲಿ ಸೇರಿ, ಚಿಮಣಿಗಳ ಕಡೆ ಮುಖ ಮಾಡಿ ಕೈಮುಗಿದು ನಿಂತಿದ್ದರು. ನಮ್ಮ ಬಾಗಿಲಿನಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಆಗ ಅವರ ಕಾಲ ಬಳಿಯಿಂದ ಏನೋ ಕಪ್ಪಗೆ, ಉದ್ದಕ್ಕೆ ನೆಲದ ಮೇಲೆ ಚಿಮಣಿಗಳ ತನಕ ಚಾಚಿಕೊಂಡಿತು. ಹೆಂಗಸರು ಹೌಹಾರಿ ಮಕ್ಕಳನ್ನು ಎತ್ತಿಕೊಂಡರು. ಎತ್ತಿಕೊಂಡದ್ದನ್ನೂ ಅದು ಹಾಗೆಯೇ ಮಾಡಿ ತೋರಿಸಿತು. ಅದು ತಮ್ಮದೇ ನೆರಳು ಎಂದು ಗೊತ್ತಾಗಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅವನು ನಮ್ಮೆಲ್ಲರ ಬೆನ್ನ ಹಿಂದಿನಿಂದ ಬಂದಿದ್ದ.

ನಾನು ಅಡುಗೆಮನೆಗೆ ಓಡಿ ಕಿಟಕಿಯ ಬಟ್ಟೆಗಳನ್ನು ಕಿತ್ತು ಎಸೆದೆ. ಬೆಳಕು ಒಲೆ ದಾಟಿ, ಹೊಸ್ತಿಲು ದಾಟಿ, ಅಕ್ಕನ ಹೆಗಲ ಮೇಲೆ ಬಿತ್ತು. ಅವಳು ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಆಡಿತು. ಬಗ್ಗಿ ಕಿವಿಗೊಟ್ಟೆ.

"ಯಾರೋ ಕೈ ಇಟ್ರು ನಾಗೂ. ಅಮ್ಮನಾ?"

ಬೋರಲಿಂಗಯ್ಯನನ್ನು ಕೂಗಿ ಕರೆದೆ. ಇಬ್ಬರೂ ಸೇರಿ, ಅವಳ ಸೊಂಟ ಅಲುಗದಂತೆ, ಮಂಚವನ್ನೇ ಪೂರ್ತಿ ತಿರುಗಿಸಿದೆವು. ಅವಳು ಕಣ್ಣು ತೆರೆದಳು. ಕಣ್ಣಲ್ಲಿ ನೀರು ಬಂತು, ರೆಪ್ಪೆ ಮುಚ್ಚಲಿಲ್ಲ. ಎರಡು ಕೈ ಎತ್ತಿ ಜೋಡಿಸಲು ನೋಡಿದಳು; ಆಗಲಿಲ್ಲ; ನಾನು ಜೋಡಿಸಿ ಹಿಡಿದೆ. ಎಷ್ಟೋ ಹೊತ್ತಾದ ಮೇಲೆ, "ಸೊರಗಿದ್ದಾನೆ," ಎಂದಳು. ಆಮೇಲೆ, "ಅನ್ನಕ್ಕಿಡು."

ಗಂಜಿ ಮಾಡಿ ಚಮಚದಲ್ಲಿ ಕುಡಿಸಿದೆ. ಇಪ್ಪತ್ತೆರಡು ಚಮಚ. ಮರುದಿನ ನಲವತ್ತು.

ಊರಿನವರು ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಈ ಸೂರ್ಯ ಆರು ಹತ್ತಕ್ಕೆ ಬರದೆ ಆರು ಮೂವತ್ತೆಂಟಕ್ಕೆ ಬರುತ್ತಾನೆ, ದೇವರ ಗೂಡಿಗೆ ಬೆನ್ನು ಮಾಡಿ ಬರುತ್ತಾನೆ, ಮಧ್ಯಾಹ್ನ ಸುಡುತ್ತಾನೆ, ಬೇಡವೆಂದರೆ ಆರಿಸಲು ಸ್ವಿಚ್ಚಿಲ್ಲ ಎಂದು ನೂರಾರು ಜನ ಸಹಿ ಮಾಡಿ ಅರ್ಜಿ ಕೊಟ್ಟರು. ಚಂದ್ರಕೀರ್ತಿಯವರು ಗೇಟಿಗೆ ಹೊಸ ಕಾಗದ ಅಂಟಿಸಿದರು: ಈಗ ಬೀಳುತ್ತಿರುವ ಬೆಳಕು ಕಾರ್ಖಾನೆಯ ಅನುಮತಿ ಪಡೆದದ್ದಲ್ಲ, ಸಾರ್ವಜನಿಕರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಬಳಸತಕ್ಕದ್ದು. ಅದರ ಕೆಳಗೇ ಯಾರೋ ಹೆಂಗಸರು ಚಾಪೆ ಹಾಸಿ ಹಪ್ಪಳ ಒಣಹಾಕಿದ್ದರು. ಸಂಜೆ ಆ ಹಪ್ಪಳ ತೆಗೆದವರು, ಒರೆಸದೆ ಡಬ್ಬಿಗೆ ತುಂಬಬಹುದು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರಂತೆ. ಕೆಮ್ಮುವವರು ಕಮ್ಮಿಯಾದದ್ದರಿಂದ ಬೀದಿಯಲ್ಲಿ ಎದುರಾದವರಿಗೆ ಮಾತು ಹೇಗೆ ಶುರು ಮಾಡುವುದೆಂದು ತಿಳಿಯುತ್ತಿರಲಿಲ್ಲ.

ಹತ್ತು ದಿನ ಮುಗಿಯಿತು. ಸಂಜೆ ಅಕ್ಕ ಮಂಚದಲ್ಲಿ ಒರಗಿ ಕೂತು, ಮಜ್ಜಿಗೆ ಅನ್ನ ಪೂರ್ತಿ ಉಂಡು ಕೈ ತೊಳೆದಳು. "ನಾಳೆ?" ಎಂದಳು.

ಸ್ವಿಚ್ಚು ಒತ್ತುವ ಕೆಲಸ ಈಗ ನನ್ನದಲ್ಲವಾದ್ದರಿಂದ ನಾಳೆಗೆ ಭಯವಿರಲಿಲ್ಲ. ಬೋರಲಿಂಗಯ್ಯನ ದೀಕ್ಷೆಗೂ ಅಂದು ಹತ್ತು ದಿನವಾಗಿತ್ತು. ಹನ್ನೊಂದನ್ನು ಮುಗಿಸಿ ನಾಡಿದ್ದು ಅವನು ಹತ್ತುತ್ತಾನೆ, ಕುಲುಮೆ ಉರಿಯುತ್ತದೆ. ಇನ್ನು ನನಗೆ ಹಿಡಿಯಲು ಯಾರ ಸೂತಕವೂ ಉಳಿದಿರಲಿಲ್ಲ. ಅಕ್ಕನ ವ್ರತವೋ ದಿನದಿನದ್ದು. ನಿನ್ನೆ ನೋಡಿದ್ದು ಇವತ್ತಿನ ಅನ್ನಕ್ಕಾಗುವುದಿಲ್ಲ.

ಆ ನಾಡಿದ್ದು ಬೆಳಿಗ್ಗೆ, ಆರು ಹತ್ತಕ್ಕೆ ಸ್ವಲ್ಪ ಮುಂಚೆ, ಬೋರಲಿಂಗಯ್ಯ ಹೊಸ ಮಡಿ ಪಂಚೆಯಲ್ಲೇ ನಮ್ಮ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತ. ಹತ್ತಲು ಹೊರಟವನು ಆಶೀರ್ವಾದ ಕೇಳಲು ಬಂದನೆಂದು ನಾನು ತಿಳಿದೆ.

"ಅಯ್ಯನೋರೇ, ಸೊಸೆ ಹೆತ್ತಳು. ಈಗ ತಾನೆ. ಹೆಣ್ಣು ಮಗು." ಮುಖವನ್ನು ಆದಷ್ಟು ಗಂಭೀರ ಮಾಡಿಕೊಳ್ಳಲು ಹೆಣಗುತ್ತಿದ್ದ. "ನಮ್ಮನೇಲಿ ಪುರುಡು. ಹನ್ನೊಂದು ದಿನ ನಾನು ಸ್ವಿಚ್ಚು ಮುಟ್ಟಂಗಿಲ್ಲ. ಸಾಹೇಬ್ರಿಗೆ ಹೇಳಿ ಬಂದೆ. ಮೂರನೇ ಬೀದಿಯಲ್ಲಿ ಇನ್ನೊಬ್ರನ್ನ ಹುಡುಕ್ತಾರಂತೆ."

ಅಷ್ಟು ಹೊತ್ತಿಗೆ ಅವನ ಹೆಂಡತಿ ಮೊರದಲ್ಲಿ ಬಟ್ಟೆ ಹಾಸಿ ಮಗುವನ್ನು ಮಲಗಿಸಿಕೊಂಡು ಹಿತ್ತಲಿಗೆ ತಂದಳು. ಬೇಲಿಯ ಆಚೆ ಬೆಳ್ಳಗಾಗುತ್ತಿತ್ತು, ಎಳೆ ಬಿಸಿಲು ಇನ್ನೂ ಬಂದಿರಲಿಲ್ಲ. ಅವಳು ಅದಕ್ಕಾಗಿ ಕಾಯುತ್ತ ನಿಂತಳು. ಅಕ್ಕ ಅಡುಗೆಮನೆಯ ಕಿಟಕಿಯಿಂದ ಮೊರದ ಕಡೆ ನೋಡಿದಳು, ಬೇಲಿಯ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಊರಿನ ಹಿರಿಯಳ ಗತ್ತಿನಲ್ಲಿ ಬೋರಲಿಂಗಯ್ಯನನ್ನು ಕೇಳಿದಳು.

"ಮೂರನೇ ಬೀದೀಲಿ ಬಸುರೀರು ಎಷ್ಟು ಜನ ಇದಾರೆ ಮಗಾ?"